ಹವಳ, ಮೀನು, ಉಪ್ಪುನೀರು: ತೊಟ್ಟಿ ಕಟ್ಟುವವರ ಕೆಲವು ನಂಬಿಕೆಗಳು

ಹೋಲ್ಡಿಂಗ್ ಟ್ಯಾಂಕ್ ನೆಂಟರಿಷ್ಟರು ನೋಡಲೆಂದು ಹಾಲ್‌ನಲ್ಲಿ ಇಡುವ ಅಕ್ವೇರಿಯಂ ಅಲ್ಲ. ಹೊಸದಾಗಿ ಬಂದ ಸಮುದ್ರದ ಮೀನು, ಸೀಗಡಿ, ಹವಳಗಳನ್ನು ಕೆಲವು ದಿನವೋ ಕೆಲವು ವಾರವೋ ಇಟ್ಟುಕೊಂಡು, ಚೇತರಿಸಿಕೊಂಡ ಮೇಲೆ ಮುಂದಕ್ಕೆ ಕಳಿಸುವ ತೊಟ್ಟಿ ಅದು. ಅಂಗಡಿಗಳ ಹಿಂಬದಿಯಲ್ಲಿ, ಮೀನುಮರಿ ಕೇಂದ್ರಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಇವು ಸಾಲಾಗಿ ನಿಂತಿರುತ್ತವೆ. ಅಂದಚಂದ ಬೇಕಿಲ್ಲ. ಸೋರಬಾರದು, ನೀರಿಗೆ ಏನನ್ನೂ ಬಿಡಬಾರದು, ತೊಳೆಯಲು ಸಲೀಸಾಗಿರಬೇಕು.

ಸಿಹಿನೀರಿನ ತೊಟ್ಟಿ ಕಟ್ಟಿ ಕೈ ಪಳಗಿದವರೂ ಉಪ್ಪುನೀರಿಗೆ ಬಂದಾಗ ಎಡವುತ್ತಾರೆ. ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ನಡೆದುಹೋಗುವ ಎಷ್ಟೋ ಅಡ್ಡದಾರಿಗಳು ಇಲ್ಲಿ ನಡೆಯುವುದಿಲ್ಲ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಹಿತ್ತಾಳೆಯನ್ನು ಕರಗಿಸಿಕೊಳ್ಳುತ್ತದೆ, ಪ್ಲೈವುಡ್ಡಿನ ಅಂಚಿನಿಂದ ಒಳಗೆ ನುಸುಳುತ್ತದೆ. ಅಂಗಡಿಗಳಲ್ಲಿ, ಗಾಜಿನ ಕೆಲಸದವರ ಬಾಯಲ್ಲಿ ಪದೇಪದೇ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ಪರೀಕ್ಷೆಗೆ ಇಟ್ಟಿದ್ದೇನೆ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಸಿಕ್ಕಿದ ಮೇಲೆ ಹವಳ ಸಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ವಾಸ್ತವ: ತೊಟ್ಟಿಯ ಅಳತೆ ಹಾಕುವ ಮೊದಲೇ ಇದು ಗೊತ್ತಿರಬೇಕು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಬೀಸಣಿಗೆಯಂತೆ ಹರಡುವ ಸೀ ಫ್ಯಾನ್‌ಗಳು 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಅಂದರೆ ಕಾನೂನಿನ ಕಣ್ಣಿಗೆ ಹುಲಿಯ ಸಾಲಿನಲ್ಲೇ ಕೂತಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಒಂದು ತುಂಡು ಮುರಿದು ತಂದರೂ ಅಪರಾಧ. ಸತ್ತು ಬೆಳ್ಳಗಾದ ಹವಳದ ಚೂರಿಗೂ ಇದೇ ಕಾನೂನು. ಹೊರದೇಶದಿಂದ ಬಂದದ್ದು ಎಂದು ಹೇಳಿದರೆ ಸಾಲದು. ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೂ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪರವಾನಗಿಯ ಮೇಲೆಯೇ ನಡೆಯಬೇಕು. ಕಡಲಕುದುರೆಗೂ ಇದೇ ರಕ್ಷಣೆ ಇದೆ.

ಹಾಗಾಗಿ ನಮ್ಮಲ್ಲಿ ಕಲ್ಲುಹವಳವನ್ನು ತೊಟ್ಟಿಯಲ್ಲಿಡುವ ಕೆಲಸ ಅನುಮತಿ ಪಡೆದ ಸಂಶೋಧಕರದು, ಹವಳದಿಬ್ಬ ಪುನಶ್ಚೇತನದಲ್ಲಿ ತೊಡಗಿದ ಸಂಸ್ಥೆಗಳದು. ಅಂಗಡಿಯವರು ಮತ್ತು ಮನೆಯಲ್ಲಿ ಸಾಕುವವರು ನೆಮ್ಮದಿಯಾಗಿ ಮಾಡಬಹುದಾದದ್ದು ಮರಿ ಕೇಂದ್ರಗಳಲ್ಲಿ ಹುಟ್ಟಿದ ಮೀನುಗಳ ಸಾಕಣೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ಎಂದೋ ಕರಗತ ಮಾಡಿಕೊಂಡಿದೆ. ಇನ್ನು ದುಬೈಯಲ್ಲೋ ಅಮೆರಿಕದಲ್ಲೋ ಕೂತು ಹವಳದ ತೊಟ್ಟಿ ಕಟ್ಟುವ ಕನ್ನಡಿಗರು ಅಲ್ಲಿಯ ಕಾನೂನು ನೋಡಿಕೊಳ್ಳಲಿ. ಗಾಜು, ಅಂಟು, ಲೋಹದ ಲೆಕ್ಕ ಮಾತ್ರ ಎಲ್ಲೆಡೆಯೂ ಒಂದೇ.

ತಪ್ಪು ಕಲ್ಪನೆ: ನೀರು ಎಷ್ಟು ಲೀಟರ್ ಎಂಬುದರ ಮೇಲೆ ಗಾಜಿನ ದಪ್ಪ ತೀರ್ಮಾನವಾಗುತ್ತದೆ.

ವಾಸ್ತವ: ಗಾಜನ್ನು ತಳ್ಳುವುದು ಲೀಟರ್ ಅಲ್ಲ, ಎತ್ತರ. ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಏರುತ್ತದೆ. 120 ಸೆಂ.ಮೀ. ಉದ್ದದ ತೊಟ್ಟಿಯಲ್ಲಿ 60 ಸೆಂ.ಮೀ. ಸಮುದ್ರದ ನೀರು ನಿಂತರೆ ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ತಳ್ಳುಬಲ ಸುಮಾರು 220 ಕೆ.ಜಿ. ಭಾರಕ್ಕೆ ಸಮ. ಅದೇ ತೊಟ್ಟಿಯಲ್ಲಿ ನೀರು 30 ಸೆಂ.ಮೀ. ಇದ್ದರೆ ಅದು ಸುಮಾರು 55 ಕೆ.ಜಿ.ಗೆ ಇಳಿಯುತ್ತದೆ. ಎತ್ತರ ಅರ್ಧಕ್ಕೆ ಇಳಿದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಗಾಜಿನ ಉದ್ದ ಹೆಚ್ಚಾದರೆ ಬಾಗುವುದೂ ಸ್ವಲ್ಪ ಹೆಚ್ಚುತ್ತದೆ, ಆದರೆ ಎತ್ತರದ ಮುಂದೆ ಅದು ಸಣ್ಣ ಲೆಕ್ಕ.

ಹೋಲ್ಡಿಂಗ್ ತೊಟ್ಟಿಗಳು ಎಲ್ಲೆಡೆ ತಟ್ಟೆಯಂತೆ ಅಗಲವಾಗಿ, ತಗ್ಗಾಗಿ ಇರುವುದಕ್ಕೆ ಇದೂ ಒಂದು ಕಾರಣ. ಗಾಜು ತೆಳುವಾದರೂ ನಡೆಯುತ್ತದೆ, ಕೈ ತಳ ಮುಟ್ಟುತ್ತದೆ, ದೀಪದ ಬೆಳಕು ತಳದ ಹವಳಕ್ಕೂ ಸಿಗುತ್ತದೆ, ಅಗಲವಾದ ಮೇಲ್ಮೈಯಿಂದ ಆಮ್ಲಜನಕ ಚೆನ್ನಾಗಿ ಸೇರುತ್ತದೆ. ಗೋಡೆಯುದ್ದಕ್ಕೂ ಎತ್ತರದ ತೊಟ್ಟಿ ನಿಲ್ಲಿಸಿ ಏಣಿ ಹತ್ತಿ ಮೀನು ಹಿಡಿಯುವವರನ್ನು ನೋಡಿದರೆ ನನಗೆ ನಗು ಬರುತ್ತದೆ.

ತಪ್ಪು ಕಲ್ಪನೆ: ಟಫನ್ಡ್ ಗ್ಲಾಸ್ ಹಾಕಿಸಿದರೆ ಚಿಂತೆಯೇ ಇಲ್ಲ.

ವಾಸ್ತವ: ಪೆಟ್ಟು ತಡೆಯುವುದರಲ್ಲಿ ಅದು ಗಟ್ಟಿ, ನಿಜ. ಆದರೆ ಒಮ್ಮೆ ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲಾಗದು, ತೂತು ಹೊಡೆಯಲಾಗದು. ಡ್ರಿಲ್ ಇಟ್ಟರೆ ಇಡೀ ಹಲಗೆ ಕಾಳಿನಂತೆ ಪುಡಿಯಾಗುತ್ತದೆ. ಹೋಲ್ಡಿಂಗ್ ತೊಟ್ಟಿಗೆ ಇವತ್ತಲ್ಲ ನಾಳೆ ಇನ್ನೊಂದು ಪೈಪ್ ಸೇರಿಸಬೇಕಾಗುತ್ತದೆ. ಮಾಮೂಲಿ ಫ್ಲೋಟ್ ಗಾಜಿನಲ್ಲಿ ಬಿರುಕು ಬಿಟ್ಟರೆ ಹೆಚ್ಚಾಗಿ ನೀರು ಜಿನುಗತೊಡಗುತ್ತದೆ, ಬಕೆಟ್ ತರಲು ಸಮಯ ಸಿಗುತ್ತದೆ. ಟಫನ್ಡ್ ಗಾಜು ಒಡೆದರೆ ಅಷ್ಟೂ ನೀರು ಒಂದೇ ಸಲ ನೆಲಕ್ಕೆ.

ತಪ್ಪು ಕಲ್ಪನೆ: ಹುಳಿ ವಾಸನೆಯ ಸಿಲಿಕೋನ್ ವಿಷ, ವಾಸನೆ ಇಲ್ಲದ್ದೇ ಒಳ್ಳೆಯದು.

ವಾಸ್ತವ: ಹೆಚ್ಚಿನ ಸಂದರ್ಭಗಳಲ್ಲಿ ಇದು ತಲೆಕೆಳಗಾದ ಮಾತು. ವಿನೆಗರ್ ವಾಸನೆ ಬರುವುದು ಅಸಿಟಾಕ್ಸಿ ಬಗೆಯ ಸಿಲಿಕೋನ್‌ನಿಂದ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ, ಪೂರ್ತಿ ಒಣಗಿದ ಮೇಲೆ ಆ ವಾಸನೆ ಹೋಗುತ್ತದೆ, ಉಳಿಯುವುದು ನಿರಪಾಯಕಾರಿ ರಬ್ಬರ್. ಅಕ್ವೇರಿಯಂ ಕಟ್ಟುವವರು ದಶಕಗಳಿಂದ ಬಳಸುತ್ತಿರುವುದು ಇದನ್ನೇ. ಭಯಪಡಬೇಕಾದದ್ದು ಬಚ್ಚಲು ಮತ್ತು ಅಡುಗೆಮನೆಗೆಂದು ಮಾರುವ, ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕ ಬೆರೆಸಿದ ಸಿಲಿಕೋನ್‌ಗೆ. ಬೂಷ್ಟನ್ನು ಕೊಲ್ಲುವ ಮದ್ದು ಹವಳವನ್ನೂ ಬಿಡುವುದಿಲ್ಲ. ಟ್ಯೂಬಿನ ಮೇಲೆ ‘ಆ್ಯಂಟಿ ಫಂಗಲ್’, ‘ಸ್ಯಾನಿಟರಿ’ ಎಂದಿದ್ದರೆ ಅದನ್ನು ಸ್ನಾನದಮನೆಗೇ ಬಿಡಿ.

ಮಳೆಗಾಲದಲ್ಲಿ ಸಿಲಿಕೋನ್ ಒಣಗುವುದಿಲ್ಲ, ಹಾಗಾಗಿ ದೀಪಾವಳಿ ಕಳೆಯಲಿ ಎನ್ನುವ ಕೆಲಸದವರಿದ್ದಾರೆ. ಸಿಲಿಕೋನ್ ಬಣ್ಣದಂತೆ ಆರುವುದಿಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡೇ ಗಟ್ಟಿಯಾಗುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಆ ತೇವಕ್ಕೇನೂ ಕೊರತೆಯಿಲ್ಲ. ಬೇಸಿಗೆಯ ಒಣಹವೆಯಲ್ಲೇ ಅದು ನಿಧಾನ. ಒದ್ದೆಯಾಗಿರಬಾರದ್ದು ಗಾಜಿನ ಅಂಚು ಮಾತ್ರ.

ನಿಜವಾಗಿ ತೊಟ್ಟಿಯ ಕೀಲು ಬಿಡುವುದು ಅಂಟಿನ ಗುಣದಿಂದಲ್ಲ, ಅಂಟಿಸುವ ಕ್ಷಣದಲ್ಲಿ ಮಾಡಿದ ಅವಸರದಿಂದ. ಕೈಗುಣವಿರುವ ಕೆಲಸದವನೊಬ್ಬ ಹೇಗೆ ಮಾಡುತ್ತಾನೆ ನೋಡಿ. ಗಾಜಿನ ಅಂಚನ್ನು ಕಲ್ಲಿನಲ್ಲಿ ಮಸೆದು ಚೂಪು ತೆಗೆಯುತ್ತಾನೆ. ಹತ್ತಿಬಟ್ಟೆಗೆ ಅಸಿಟೋನ್ ಹಾಕಿ ಅಂಚನ್ನು ಒರೆಸುತ್ತಾನೆ, ಒರೆಸಿದ ಜಾಗಕ್ಕೆ ಮತ್ತೆ ಬೆರಳು ತಾಗಿಸುವುದಿಲ್ಲ. ಎರಡೂ ಬದಿಗೆ ಟೇಪ್ ಹಾಕಿ, ಗನ್‌ನಿಂದ ಒಂದೇ ಸಮನೆ, ನಡುವೆ ನಿಲ್ಲಿಸದೆ ಎಳೆಯುತ್ತಾನೆ. ಗಾಜನ್ನು ಕೂರಿಸುವಾಗ ಸಿಲಿಕೋನ್ ಪೂರ್ತಿ ಹಿಂಡಿ ಹೊರಬರುವಷ್ಟು ಒತ್ತುವುದಿಲ್ಲ, ನಡುವೆ ಒಂದು ತೆಳು ಪದರ ಉಳಿಸುತ್ತಾನೆ. ಗಾಜು ಬಾಗಿದಾಗ ಹಿಗ್ಗಿ ಕುಗ್ಗುವುದು ಆ ಪದರವೇ. ಹೊರಬಂದದ್ದನ್ನು ಬೆರಳಿನಿಂದ ಒಂದೇ ಎಳೆತಕ್ಕೆ ಸವರಿ, ಮೇಲೆ ಪೊರೆ ಕಟ್ಟುವ ಮೊದಲೇ ಟೇಪ್ ಕಿತ್ತುಬಿಡುತ್ತಾನೆ. ಆಮೇಲೆ ಒಂದು ವಾರ ಯಾರೂ ಅದನ್ನು ಮುಟ್ಟಬಾರದು. ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದವರೆಗಷ್ಟೇ ಗಟ್ಟಿಯಾಗುವ ವಸ್ತುವಿಗೆ ನಾಳೆಯೇ ನೀರು ತುಂಬುವ ಗಿರಾಕಿ ಸೋರಿಕೆಗೆ ಸಿಲಿಕೋನ್‌ನ್ನು ಬೈಯಬಾರದು.

ಸೋರುವ ಹಳೆಯ ತೊಟ್ಟಿಗೆ ಮೇಲಿಂದ ಇನ್ನೊಂದು ಪದರ ಬಳಿಯುವುದೂ ವ್ಯರ್ಥ. ಹೊಸ ಸಿಲಿಕೋನ್ ಹಳೆಯದರ ಮೇಲೆ ಸರಿಯಾಗಿ ಕಚ್ಚುವುದಿಲ್ಲ. ಬ್ಲೇಡ್ ಹಿಡಿದು ಪೂರ್ತಿ ಕೆರೆದೇ ಮಾಡಬೇಕು.

ತಪ್ಪು ಕಲ್ಪನೆ: ಅಕ್ರಿಲಿಕ್ ದುಬಾರಿ, ಆದ್ದರಿಂದ ಗಾಜಿಗಿಂತ ಮೇಲು.

ವಾಸ್ತವ: ಜಪಾನಿನ ಓಕಿನಾವಾದ ಚುರಾಉಮಿ ಅಕ್ವೇರಿಯಂನಲ್ಲಿ 60 ಸೆಂ.ಮೀ. ದಪ್ಪದ ಅಕ್ರಿಲಿಕ್ ಗೋಡೆಯ ಹಿಂದೆ ತಿಮಿಂಗಿಲ ಶಾರ್ಕ್ ಈಜುತ್ತದೆ. ಅಂಥ ಗಾತ್ರಕ್ಕೆ ಗಾಜು ಆಗದು, ಅಕ್ರಿಲಿಕ್ಕೇ ಗತಿ. ಎರಡಡಿ ತೊಟ್ಟಿಗೆ ಆ ವಾದ ಬೇಕಿಲ್ಲ. ಅಕ್ರಿಲಿಕ್ ಗಾಜಿನ ಅರ್ಧ ತೂಕ, ಸುಲಭವಾಗಿ ತೂತು ಹೊಡೆಯಬಹುದು. ಆದರೆ ಸುಣ್ಣಕಟ್ಟಿದ ಪಾಚಿಯನ್ನು ದಿನವೂ ಬ್ಲೇಡಿನಲ್ಲಿ ಕೆರೆಯುವ ಹೋಲ್ಡಿಂಗ್ ತೊಟ್ಟಿಯಲ್ಲಿ ಅದು ಗೀರಿನ ಗೂಡಾಗುತ್ತದೆ. ಅಕ್ರಿಲಿಕ್ಕಿಗೆ ಸಿಲಿಕೋನ್ ಹಿಡಿಯುವುದಿಲ್ಲ, ಅದಕ್ಕೆ ಬೇರೆಯೇ ದ್ರಾವಕದ ಅಂಟು ಬೇಕು.

ತಪ್ಪು ಕಲ್ಪನೆ: ಗಾಜಲ್ಲದ ತೊಟ್ಟಿ ಹವಳಕ್ಕೆ ಆಗಿಬರುವುದಿಲ್ಲ.

ವಾಸ್ತವ: ಪಕ್ಕದಿಂದ ನೋಡುವ ಅಗತ್ಯವೇ ಇಲ್ಲದಿದ್ದರೆ ಗಾಜೇಕೆ? ಮರಿ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವುದು ಎಫ್‌ಆರ್‌ಪಿ ತೊಟ್ಟಿ, ಅಂದರೆ ಫೈಬರ್. ಒಳಗಿನ ನುಣುಪು ಪದರ ಸರಿಯಾಗಿ ಗಟ್ಟಿಯಾಗಿರಬೇಕು. ಮೂಗು ಹತ್ತಿರ ಒಯ್ದರೆ ಬಣ್ಣದಂಗಡಿಯ ವಾಸನೆ ಇನ್ನೂ ಬರುತ್ತಿದ್ದರೆ ಸ್ಟೈರೀನ್ ಬಿಡುತ್ತಿದೆ ಎಂದೇ ಅರ್ಥ. ಬಿಸಿಲಿಗಿಟ್ಟು, ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ಬಳಸಬೇಕು. ಮನೆಯ ಮೇಲಿನ ಕುಡಿಯುವ ನೀರಿನ ಪ್ಲಾಸ್ಟಿಕ್ ಟ್ಯಾಂಕ್‌ಗಳೂ ಪಾಲಿಥಿನ್‌ನವೇ. ಸಮುದ್ರದ ನೀರು ಕಲಸಿಡಲು ಅವು ಧಾರಾಳ. ಹಳೆಯ ನೀಲಿ ಡ್ರಮ್ ಕಡಿಮೆ ಬೆಲೆಗೆ ಸಿಗುತ್ತದೆಂದು ತರುವವರು ಅದರಲ್ಲಿ ಮೊದಲು ಏನಿತ್ತು ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಬಿಟ್ಟುಬನ್ನಿ. ಪಾಲಿಥಿನ್ ರಾಸಾಯನಿಕಗಳನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ಎಷ್ಟು ತೊಳೆದರೂ.

ಸಿಮೆಂಟ್ ತೊಟ್ಟಿಯ ವಿಷಯದಲ್ಲಿ ಒಂದು ಜಾಣ ವಾದ ಕೇಳಿದ್ದೇನೆ: ಹವಳಕ್ಕೆ ಸುಣ್ಣ ಬೇಕು, ಸಿಮೆಂಟಿನಲ್ಲಿ ಸುಣ್ಣವಿದೆ, ಹಾಗಾದರೆ ಒಳ್ಳೆಯದೇ ಅಲ್ಲವೇ? ಅಲ್ಲ. ಹವಳ ತನ್ನ ಮೈ ಕಟ್ಟಿಕೊಳ್ಳುವುದು ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್‌ನಿಂದ. ಹೊಸ ಸಿಮೆಂಟ್ ಬಿಡುವುದು ಸುಟ್ಟಸುಣ್ಣದ ಜಾತಿಯ ಕ್ಷಾರ. ಸಮುದ್ರದ ನೀರಿನ ಪಿಎಚ್ 8.1ರ ಆಸುಪಾಸು, ಹಸಿ ಸಿಮೆಂಟಿನ ಮೇಲೆ ನಿಂತ ನೀರಿನದು 12ರ ಹತ್ತಿರ ಹೋಗಬಲ್ಲದು. ವಾರಗಟ್ಟಲೆ ನೀರು ಬದಲಿಸಿ ಹದ ಮಾಡಿ, ಒಳಗೆ ಎಪಾಕ್ಸಿ ಬಳಿದ ತೊಟ್ಟಿ ಚೆನ್ನಾಗಿಯೇ ನಡೆಯುತ್ತದೆ. ಬಳಿಯದೆ ಬಿಟ್ಟರೆ ಉಪ್ಪು ಒಳಗಿನ ಕಬ್ಬಿಣದ ಸರಳನ್ನು ತಲುಪಿ, ತುಕ್ಕು ಉಬ್ಬಿ, ಗೋಡೆ ಸೀಳುತ್ತದೆ. ಕರಾವಳಿಯ ಹಳೆಯ ಟೆರೇಸ್‌ಗಳನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ತಪ್ಪು ಕಲ್ಪನೆ: ಮೀನು ಚೆನ್ನಾಗಿದೆ ಎಂದ ಮೇಲೆ ನೀರಿನಲ್ಲಿ ದೋಷವಿಲ್ಲ.

ವಾಸ್ತವ: ಕರಾವಳಿಯ ಒಂದು ಅಂಗಡಿಯಲ್ಲಿ ತೊಟ್ಟಿಗಳ ಸಾಲಿನ ಕೆಳಗೆ ಬಗ್ಗಿ ನೋಡಿದಾಗ ಕಂಡದ್ದು: ಬಿಳಿ ಪಿವಿಸಿ ಪೈಪುಗಳ ನಡುವೆ ಒಂದೇ ಒಂದು ಹಿತ್ತಾಳೆ ಬಾಲ್ ವಾಲ್ವ್. ಅದರ ಕುತ್ತಿಗೆಯ ಸುತ್ತ ಹಸಿರು ಕಿಲುಬು, ಕೆಳಗಿನ ಪೈಪಿನ ಮೇಲೆ ಉಗುರಗಲದ ನೀಲಿಹಸಿರು ಗೆರೆ. ಪ್ಲಂಬರ್ ಹತ್ತಿರ ಆ ಹೊತ್ತಿಗೆ ಪ್ಲಾಸ್ಟಿಕ್ಕಿನದು ಇರಲಿಲ್ಲವಂತೆ. “ಮೀನಿಗೆ ಏನೂ ಆಗಿಲ್ಲ ಮಾರಾಯ್ರೇ, ಸೀಗಡಿ ಮಾತ್ರ ನಿಲ್ಲುವುದಿಲ್ಲ. ಪೊರೆ ಬಿಡುವಾಗ ಸಾಯ್ತದೆ” ಎಂದರು ಅಂಗಡಿಯವರು. ಕಾರಣ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು.

ಹಿತ್ತಾಳೆಯಲ್ಲಿ ಇರುವುದು ತಾಮ್ರ ಮತ್ತು ಸತು. ಬಿಳಿಚುಕ್ಕೆ ರೋಗ ಬಂದ ಸಮುದ್ರದ ಮೀನಿಗೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಔಷಧಿಯಾಗಿಯೇ ಕೊಡುತ್ತಾರೆ, ಮೀನು ತಡೆದುಕೊಳ್ಳುತ್ತದೆ. ಬೆನ್ನುಮೂಳೆಯಿಲ್ಲದ ಸೀಗಡಿ, ಬಸವನಹುಳು, ಕಡಲಹೂವು, ಹವಳಗಳಿಗೆ ಅಷ್ಟು ಸಾಕು ಸಾಯಲು. ಹಾಗಾಗಿ ಮೀನು ಆರಾಮವಾಗಿರುವ ನೀರಿನಲ್ಲಿ ಹವಳ ಕರಗುವುದರಲ್ಲಿ ಆಶ್ಚರ್ಯವಿಲ್ಲ. ವಾಲ್ವ್ ಬದಲಿಸಿದರೂ ಕೆಲಸ ಮುಗಿಯದು. ತಾಮ್ರ ಕಲ್ಲಿನಲ್ಲಿ, ಮರಳಿನಲ್ಲಿ ಕೂತು ಆಮೇಲೆ ಮೆಲ್ಲಗೆ ಬಿಡುತ್ತಿರುತ್ತದೆ. ತಾಮ್ರದ ಚಿಕಿತ್ಸೆ ನಡೆದ ತೊಟ್ಟಿಯನ್ನು ಮುಂದೆ ಮೀನಿಗಷ್ಟೇ ಇಟ್ಟುಕೊಳ್ಳಿ, ಅದರ ಬಲೆ, ಪೈಪು, ಸ್ಪಂಜು ಸಮೇತ.

ಸ್ಟೀಲ್ ಆದರೆ ಪರವಾಗಿಲ್ಲವೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ನಮ್ಮ ಅಡುಗೆಮನೆಯ 304 ದರ್ಜೆಯ ಸ್ಟೀಲಿಗೆ ಉಪ್ಪಿನ ಕ್ಲೋರೈಡ್ ಸೂಜಿಮೊನೆಯಂಥ ಗುಂಡಿ ಕೊರೆಯುತ್ತದೆ. ಎರಡು ಮೂರು ಶೇಕಡಾ ಮಾಲಿಬ್ಡಿನಂ ಇರುವ 316 ಹೆಚ್ಚು ಬಾಳುತ್ತದೆ, ಆದರೆ ಸದಾ ಮುಳುಗಿರುವ ಜಾಗಕ್ಕೆ ಅದನ್ನೂ ನಾನು ಒಪ್ಪುವುದಿಲ್ಲ. ಮುಳುಗಲೇಬೇಕಾದ ಲೋಹವಿದ್ದರೆ ಟೈಟಾನಿಯಂ, ಇಲ್ಲವಾದರೆ ಪ್ಲಾಸ್ಟಿಕ್. ಕಣ್ತಪ್ಪಿಸಿ ಒಳಗೆ ಸೇರುವ ಕಳ್ಳರು ಬೇರೆಯೇ: ಹೋಸ್ ಕ್ಲಿಪ್ಪಿನ ಸ್ಕ್ರೂ, ಪಾಚಿ ಒರೆಸುವ ಮ್ಯಾಗ್ನೆಟ್‌ನ ಸೀಳಿದ ಹೊದಿಕೆ, ಅಗ್ಗದ ಪಂಪಿನ ಲೋಹದ ಅಚ್ಚು. ಅಚ್ಚು ಸೆರಾಮಿಕ್ ಆಗಿರುವ ಪಂಪನ್ನೇ ಕೇಳಿ ತನ್ನಿ.

ತಪ್ಪು ಕಲ್ಪನೆ: ಪಿವಿಸಿ ಪೈಪ್ ಎಲ್ಲ ಒಂದೇ.

ವಾಸ್ತವ: ನಮ್ಮ ದೇಶದಲ್ಲಿ ಪಿವಿಸಿ ಪೈಪಿಗೆ ಸೀಸದ ಸಂಯುಕ್ತ ಬೆರೆಸುವ ವಾಡಿಕೆ ಬಹಳ ಕಾಲ ಇತ್ತು. ಅದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮವನ್ನೇ ತಂದಿತು. ಗುಜರಿಯ ಹಳೆಯ ಪೈಪ್ ಬಿಟ್ಟು, ಸೀಸರಹಿತ ಎಂದು ಮುದ್ರೆಯಿರುವ ಕುಡಿಯುವ ನೀರಿನ ಪೈಪನ್ನೇ ತನ್ನಿ. ಸಾಲ್ವೆಂಟ್ ಹಚ್ಚಿದ ಕೀಲುಗಳಿಗೆ ಒಂದು ದಿನ ಗಾಳಿಯಾಡಲು ಬಿಡಿ.

ಪೈಪಿನ ವಸ್ತುವಿಗಿಂತ ಹೆಚ್ಚು ಮನೆ ಮುಳುಗಿಸಿರುವುದು ಕರೆಂಟ್ ಹೋಗುವ ಆ ಒಂದು ನಿಮಿಷ. ಕೆಳಗಿನ ಸಂಪಿನಿಂದ ನೀರೆತ್ತುವ ಪಂಪ್ ನಿಂತ ಕೂಡಲೇ ಮೇಲಿನ ತೊಟ್ಟಿಯ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಸೈಫನ್ ಆಗಿ ಸಂಪಿಗೆ ಇಳಿಯುತ್ತದೆ. 120 × 60 ಸೆಂ.ಮೀ. ತೊಟ್ಟಿಯಲ್ಲಿ ಪೈಪಿನ ಬಾಯಿ ನೀರಿನಿಂದ 10 ಸೆಂ.ಮೀ. ಕೆಳಗಿದ್ದರೆ 72 ಲೀಟರ್ ನೀರು ಕೆಳಗೆ ಬರುತ್ತದೆ. ಸಂಪಿನಲ್ಲಿ ಜಾಗವಿಲ್ಲದಿದ್ದರೆ ಅದು ನಿಮ್ಮ ಟೈಲ್ಸ್ ಮೇಲೆ. ಬಾಯಿಯನ್ನು 2 ಸೆಂ.ಮೀ.ಗೆ ಏರಿಸಿದರೆ 15 ಲೀಟರ್ ಕೂಡ ಬರದು. ನೀರಿನ ಮಟ್ಟದಿಂದ ತುಸು ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಹೊಡೆದರೂ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ, ಆದರೆ ಆ ತೂತನ್ನು ಪಾಚಿ ಮುಚ್ಚುತ್ತದೆ. ಎರಡನ್ನೂ ಮಾಡಿ.

ತಪ್ಪು ಕಲ್ಪನೆ: ಸ್ಟ್ಯಾಂಡ್‌ಗೆ ಯಾವ ಪ್ಲೈ ಆದರೇನು, ಮೇಲೆ ಥರ್ಮೋಕೋಲ್ ಹಾಸಿದರೆ ಆಯಿತು.

ವಾಸ್ತವ: 120 × 60 × 45 ಸೆಂ.ಮೀ. ತೊಟ್ಟಿಯ ನೀರೊಂದೇ 330 ಕೆ.ಜಿ. ದಾಟುತ್ತದೆ. ಮರೈನ್ ಪ್ಲೈ ಎಂದರೆ ಐಎಸ್ 710 ಮುದ್ರೆಯದ್ದು. ಅದರಲ್ಲೂ ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿಯದಿದ್ದರೆ ಉಪ್ಪುನೀರು ಪದರ ಬಿಡಿಸುತ್ತದೆ. ಥರ್ಮೋಕೋಲ್ ಹಾಸುವುದು ಸರಿ, ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ತೊಟ್ಟಿಗೆ. ಸುತ್ತ ಚೌಕಟ್ಟಿದ್ದು ತಳದ ಗಾಜು ಎತ್ತರದಲ್ಲಿ ತೇಲುವ ಬಗೆಯದಾದರೆ ಅದೇ ಥರ್ಮೋಕೋಲ್ ಕೆಳಗಿನಿಂದ ತಳ್ಳಿ ಗಾಜನ್ನು ಒಡೆಯಬಹುದು.

ತಪ್ಪು ಕಲ್ಪನೆ: ಮರಳು, ಕಲ್ಲು ಹಾಕಿ ಮೀನು ಹವಳ ಒಟ್ಟಿಗಿಟ್ಟರೆ ಸಮುದ್ರದಂತೆಯೇ ಇರುತ್ತದೆ.

ವಾಸ್ತವ: ಹೋಲ್ಡಿಂಗ್ ತೊಟ್ಟಿಯ ತಳ ಬೋಳಾಗಿರಲಿ. ಮರಳಿನಡಿ ಕೊಳೆ ಕೂರುತ್ತದೆ, ರೋಗಾಣುಗಳಿಗೆ ಅದು ಮನೆ. ಹವಳದ ತುಂಡುಗಳಿಗೆ ಪ್ಲಾಸ್ಟಿಕ್ ಜಾಲರಿಯ ಅಟ್ಟ ಮಾಡಿ, ಪಿವಿಸಿ ಕಾಲು ಕೊಟ್ಟು, ಆ ಕಾಲುಗಳಿಗೆ ತೂತು ಹೊಡೆಯಿರಿ. ಒಳಗೆ ನೀರು ನಿಂತು ನಾರಬಾರದು. ಮೀನು, ಹವಳ ಎರಡಕ್ಕೂ ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಸಂಪು, ಪ್ರತ್ಯೇಕ ಬಲೆ ಬೇಕು. ಮೀನಿಗೆ ಔಷಧಿ ಹಾಕುವ ದಿನ ಬಂದೇ ಬರುತ್ತದೆ. ಇನ್ನು ಬ್ಯಾಕ್ಟೀರಿಯಾ ನೆಲೆಗೊಂಡು ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಹಂತಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕಟ್ಟಿದ ದಿನವೇ ಮೀನು ಬಿಟ್ಟರೆ ಅದು ತಾನೇ ಹೊರಬಿಟ್ಟ ಅಮೋನಿಯಾದಲ್ಲಿ ಸಾಯುತ್ತದೆ.

ತಪ್ಪು ಕಲ್ಪನೆ: ನಮ್ಮದು ಬಿಸಿ ದೇಶ, ಹವಳವೂ ಬಿಸಿ ಸಮುದ್ರದ್ದು, ತಂಪು ಮಾಡುವ ಚಿಲ್ಲರ್ ದಂಡ.

ವಾಸ್ತವ: 2023ರ ಜುಲೈಯಲ್ಲಿ ಅಮೆರಿಕದ ಫ್ಲಾರಿಡಾ ಕೀಸ್ ಸುತ್ತಲ ಸಮುದ್ರ ವಿಪರೀತ ಕಾದಾಗ, ಸಂರಕ್ಷಕರು ನೀರೊಳಗಿನ ನರ್ಸರಿಗಳಿಂದ ಸಾವಿರಾರು ಹವಳದ ತುಂಡುಗಳನ್ನು ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಿದರು. ಲಾಂಗ್ ಕೀ ದ್ವೀಪದ ಕೀಸ್ ಮರೀನ್ ಲ್ಯಾಬ್‌ನ ತಗ್ಗು ತೊಟ್ಟಿಗಳಲ್ಲಿ ಅವು ತಂಪಾದ ನೀರಿನಲ್ಲಿ ಉಳಿದವು. ಹವಳ ತನ್ನ ಊರಿನ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಶಾಖವನ್ನು ವಾರಗಟ್ಟಲೆ ಅನುಭವಿಸಿದರೆ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗತೊಡಗುತ್ತದೆ. ತೊಟ್ಟಿಯನ್ನು 25ರಿಂದ 27 ಡಿಗ್ರಿಯಲ್ಲಿ ಇಡಬೇಕು. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಒಂದು ಫ್ಯಾನ್ ಸಾಕಾದೀತು. ಏಪ್ರಿಲ್‌ನ ಮಂಗಳೂರಿನಲ್ಲಿ ಪಂಪು, ದೀಪಗಳ ಬಿಸಿಯೂ ಸೇರಿ ಚಿಲ್ಲರ್ ಇಲ್ಲದೆ ಆಗದು. ಅದಕ್ಕೂ ಮೊದಲು ಬ್ಯಾಟರಿಯಲ್ಲಿ ನಡೆಯುವ ಒಂದು ಏರ್ ಪಂಪ್ ಕೊಳ್ಳಿ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಕರೆಂಟ್ ಹೋದಾಗ ಮೊದಲು ಮುಗಿಯುವುದು ಅದೇ.

ಮೀನು ಕೊಳ್ಳಲು ಹೋಗುವವರಿಗೆ ಒಂದು ಮಾತು. ಅಂಗಡಿಯ ಮುಂದಿನ ನೀಲಿ ದೀಪದ ಶೋ ಟ್ಯಾಂಕ್ ನೋಡಿ ಮಾರುಹೋಗಬೇಡಿ. ಹಿಂದಿನ ಹೋಲ್ಡಿಂಗ್ ಟ್ಯಾಂಕ್ ತೋರಿಸಿ ಎನ್ನಿ, ಬಗ್ಗಿ ಕೆಳಗಿನ ಪೈಪು ವಾಲ್ವ್‌ಗಳನ್ನು ನೋಡಿ, ಮೀನು ಎಲ್ಲಿಯ ಮರಿ ಎಂದು ಕೇಳಿ. ತೋರಿಸಲು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.